ನೆತ್ತಿಯ ಮೇಲಿನ ಬಿಳಿ ಬೊಟ್ಟು

2021ರ ಮಳೆಗಾಲ ಕಳೆಯುವ ಹೊತ್ತಿಗೆ ನಮ್ಮ ಮನೆ ದಾರಿಗೆ ಒಂದು ಪಿಕಪ್ ಬಂತು. ಹಿಂದೆ ಪ್ಲಾಸ್ಟಿಕ್ ಟ್ರೇಗಳ ತುಂಬ ಕೋಳಿಮರಿಗಳು. "ಎಲ್ಲಾಂ ಪಿಡಯಾಣ್ ಚೇಚೀ, ಒರು ಪೂವನ್ ಪೋಲುಂ ಇಲ್ಲ" ಎಂದ ಮಾರುವವನು. ಎಲ್ಲವೂ ಹೇಂಟೆ, ಹೆಸರಿಗೆ ಒಂದು ಹುಂಜವೂ ಇಲ್ಲ ಅಂತ. ನಾವಿರುವುದು ಕಾಸರಗೋಡಿನ ಪೆರ್ಲದ ಹತ್ತಿರ. ಮನೆಯೊಳಗೆ ಕನ್ನಡ, ತೋಟದಲ್ಲಿ ತುಳು, ಪೇಟೆಗೆ ಇಳಿದರೆ ಮಲೆಯಾಳ. ಮೂರು ಭಾಷೆಯಲ್ಲಿ ಯಾವುದರಲ್ಲಿ ಹೇಳಿದರೂ ನಂಬುವಷ್ಟು ಚಂದದ ಮರಿಗಳು. ಇಪ್ಪತ್ತು ತೆಗೆದುಕೊಂಡೆ.

ನಾಲ್ಕು ತಿಂಗಳಾಗುವಷ್ಟರಲ್ಲಿ ಅವುಗಳಲ್ಲಿ ಹದಿಮೂರು ಕೂಗಲು ಶುರು ಮಾಡಿದವು.

ಕೋಳಿ ಸಾಕದವರಿಗೆ ಇದರ ಸಂಕಟ ಗೊತ್ತಾಗಲಿಕ್ಕಿಲ್ಲ. ಹದಿಮೂರು ಹುಂಜ ಒಂದು ಅಂಗಳದಲ್ಲಿ ಬದುಕುವುದಿಲ್ಲ. ಕಡಿದಾಡಿಕೊಂಡು ರಕ್ತ ಸುರಿಸಿಕೊಳ್ಳುತ್ತವೆ. ನಾಲ್ಕು ತಿಂಗಳು ಕಡಿಯಕ್ಕಿ, ತವುಡು ಹಾಕಿದ್ದು ಮೊಟ್ಟೆಯ ಆಸೆಗೆ. ಆ ಮೊಟ್ಟೆಯ ದುಡ್ಡಿನಲ್ಲೇ ಗೂಡಿನ ತಗಡು ಬದಲಿಸಬೇಕು ಅಂತ ಲೆಕ್ಕ ಹಾಕಿದ್ದೆ. ಅವತ್ತಿಂದ ನನಗೆ ಒಂದೇ ಯೋಚನೆ. ಮೊಟ್ಟೆಯೊಡೆದು ಬಂದ ದಿನವೇ ಇದು ಹೇಂಟೆ, ಇದು ಹುಂಜ ಅಂತ ಗುರುತಿಸಲು ಆಗುವುದಿಲ್ಲವಾ?

ಮೈದುನನ ಮಗಳು ತ್ರಿಶೂರಿನ ಮಣ್ಣುತ್ತಿಯಲ್ಲಿ ಪಶುವೈದ್ಯ ಓದುತ್ತಿದ್ದಾಳೆ. ಫೋನ್ ಮಾಡಿ ಕೇಳಿದೆ. "ಆಗ್ತದೆ ದೊಡ್ಡಮ್ಮ. ಪಟ್ಟೆ ಕೋಳಿಗೂ ಕಪ್ಪು ಕೋಳಿಗೂ ಜೋಡಿ ಮಾಡಿದ್ರೆ ಮರಿಯ ನೆತ್ತಿಯಲ್ಲೇ ಗೊತ್ತಾಗ್ತದೆ. ಬಿಳಿ ಬೊಟ್ಟು ಇದ್ರೆ ಹುಂಜ" ಎಂದಳು. ಪರೀಕ್ಷೆಯ ಗಡಿಬಿಡಿಯಲ್ಲಿದ್ದಳು, ಅಷ್ಟೇ ಹೇಳಿ ಇಟ್ಟಳು.

ಪಟ್ಟೆ ಕೋಳಿ ಎಂದರೆ ಬೂದು ಬಿಳಿ ಅಡ್ಡಗೆರೆಯ ಕೋಳಿ. ನಮ್ಮ ಪೇಟೆಯಲ್ಲಿ ಪುಳ್ಳಿ ಕೋಳಿ ಅಂತ ಕೇಳಿದರೆ ತೋರಿಸುತ್ತಾರೆ. ಅದೇ ಇಪ್ಪತ್ತರಲ್ಲಿ ಪಟ್ಟೆಯ ಹೇಂಟೆ ಮೂರು ಉಳಿದಿದ್ದವು. ಹುಂಜಗಳಲ್ಲಿ ಹನ್ನೆರಡನ್ನು ಕೊಟ್ಟು ಒಂದನ್ನು ಇಟ್ಟುಕೊಂಡಿದ್ದೆ. ಅದೂ ಪಟ್ಟೆಯದೇ. ಆದರೆ ಅದರ ಮೈ ಹೇಂಟೆಗಳಿಗಿಂತ ಬಿಳಿಚಿತ್ತು. ದೂರದಿಂದ ನೋಡಿದರೆ ಹಿಟ್ಟು ಚೆಲ್ಲಿದ ಹಾಗೆ. ಆಗ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಕಪ್ಪಿನದ್ದು ಇರಲಿಲ್ಲ. ತಲಶ್ಶೇರಿ ಕಡೆಯ ಪರಿಚಯದವರಿಂದ ಎರಡು ಹೇಂಟೆ ತರಿಸಿದೆ. ತಲಶ್ಶೇರಿ ಕೋಳಿ ಕೇರಳದ್ದೇ ನಾಟಿ ತಳಿ. ಕಪ್ಪು ಎಂದರೆ ಸುಮ್ನೆ ಕಪ್ಪಲ್ಲ, ಬಿಸಿಲಿಗೆ ಬಂದಾಗ ಕುತ್ತಿಗೆಯಲ್ಲೂ ಬಾಲದಲ್ಲೂ ನೀಲಿ ಹೊಳೆಯುತ್ತದೆ.

ಕಪ್ಪು ಹೇಂಟೆಗಳು ಇಟ್ಟ ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಹನ್ನೊಂದು ಸೇರಿದಾಗ ಮನೆಯ ಕಂದು ಹೇಂಟೆ ಕಾವಿಗೆ ಕೂತಿತ್ತು. ಹೆಡಿಗೆಯಲ್ಲಿ ಬೈಹುಲ್ಲು ಹಾಸಿ ಇಟ್ಟೆ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಅತ್ತೆ ಒಂದು ಇದ್ದಲು ತುಂಡನ್ನು ಹುಲ್ಲಿನಡಿ ಸಿಕ್ಕಿಸಿದರು. ಇಪ್ಪತ್ತೊಂದನೇ ದಿನಕ್ಕೆ ಒಂಬತ್ತು ಮರಿ ಹೊರಬಂದವು. ಒಂಬತ್ತರ ನೆತ್ತಿಯಲ್ಲೂ ಬಿಳಿ ಬೊಟ್ಟು.

ಒಂಬತ್ತೂ ಹುಂಜವಾ? ಎರಡು ತಿಂಗಳು ಕಾದೆ. ಐದು ಹೇಂಟೆಯಾದವು, ನಾಲ್ಕು ಹುಂಜ. ಎಲ್ಲವಕ್ಕೂ ಪಟ್ಟೆ. ಬೊಟ್ಟು ಏನನ್ನೂ ಹೇಳಲಿಲ್ಲ.

ಪುನಃ ಫೋನ್ ಮಾಡಿದೆ. ಹುಡುಗಿ ಕೇಳಿದ್ದು ಒಂದೇ ಮಾತು. "ಅಪ್ಪ ಯಾರು ದೊಡ್ಡಮ್ಮ?"

ಪಟ್ಟೆ ಹುಂಜ ಎಂದೆ. "ಹಾಗಾದ್ರೆ ಉಲ್ಟಾ ಆಯ್ತು. ಅಪ್ಪ ಕಪ್ಪು ಇರ್ಬೇಕು, ಅಮ್ಮ ಪಟ್ಟೆ."

ಎರಡು ಬಣ್ಣ ಅವೇ, ಯಾವುದು ಅಪ್ಪ ಯಾವುದು ಅಮ್ಮ ಎಂಬುದರಲ್ಲಿ ಏನು ವ್ಯತ್ಯಾಸ? ಹತ್ತನೇ ತರಗತಿಯಲ್ಲಿ ಮೆಂಡೆಲನ ಬಟಾಣಿ ಪಾಠ ಓದಿದವಳು ನಾನು. ಅಲ್ಲಿ ಎತ್ತರದ ಗಿಡ, ಗಿಡ್ಡ ಗಿಡ, ಯಾವುದರ ಹೂವಿನ ಪರಾಗ ಯಾವುದಕ್ಕೆ ಹಾಕಿದರೂ ಫಲ ಒಂದೇ ಅಂತ ಇತ್ತು. ಇಲ್ಲಿ ಮಾತ್ರ ಯಾಕೆ ಹೀಗೆ?

ಓಣಂ ರಜೆಗೆ ಅವಳು ಬಂದಾಗ ಜಗಲಿಯಲ್ಲಿ ಕೂತು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಮನೆಯ ಚೌಕ ಬರೆದು ತೋರಿಸಿದಳು. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಅನ್ನುವುದು ಅಪ್ಪನಿಂದ ತೀರ್ಮಾನವಾಗುತ್ತದೆ. ಹಕ್ಕಿಗಳಲ್ಲಿ ಅಮ್ಮನಿಂದ. ಹುಂಜಕ್ಕೆ ಝೆಡ್ ಎಂಬ ವರ್ಣತಂತು ಎರಡು. ಹೇಂಟೆಗೆ ಝೆಡ್ ಒಂದೇ, ಅದರ ಜೊತೆಗೆ ಡಬ್ಲ್ಯೂ ಎಂಬ ಸಣ್ಣದೊಂದು. ಮರಿ ಹೇಂಟೆಯಾಗಬೇಕಾದರೆ ಅಮ್ಮನಿಂದ ಡಬ್ಲ್ಯೂ ಬರಬೇಕು. ಅಂದ ಮೇಲೆ ಅದರ ಝೆಡ್ ಬರುವುದು ಅಪ್ಪನಿಂದ ಮಾತ್ರ. ಪಟ್ಟೆಯ ಜೀನ್ ಕೂತಿರುವುದು ಆ ಝೆಡ್‌ನ ಮೇಲೆಯೇ. ಪಟ್ಟೆಯ ಅಮ್ಮ ತನ್ನ ಪಟ್ಟೆಯನ್ನು ಗಂಡುಮಕ್ಕಳಿಗೆ ಮಾತ್ರ ಕೊಡಬಲ್ಲಳು. ಹೆಣ್ಣುಮಕ್ಕಳಿಗೆ ಕೊಡಲು ಅವಳ ಹತ್ತಿರ ದಾರಿಯೇ ಇಲ್ಲ. ಹೆಣ್ಣು ಮರಿಗಳು ಕಪ್ಪು ಅಪ್ಪನ ಹಾಗೆ ಕಪ್ಪಾಗಿಯೇ ಹುಟ್ಟುತ್ತವೆ. ಪಟ್ಟೆ ಪ್ರಬಲ ಗುಣ, ಒಂದು ಪಾಲು ಸಿಕ್ಕಿದರೂ ಕಾಣಿಸುತ್ತದೆ. ಹಾಗಾಗಿ ಗಂಡು ಮರಿಗಳಿಗೆಲ್ಲ ಬೊಟ್ಟು.

ನನ್ನ ಮೊದಲ ಕಾವಿನಲ್ಲಿ ಪಟ್ಟೆ ಹುಂಜದ ಎರಡೂ ಝೆಡ್‌ನಲ್ಲಿ ಪಟ್ಟೆ ಇತ್ತು. ಅದು ಗಂಡಿಗೂ ಕೊಟ್ಟಿತು, ಹೆಣ್ಣಿಗೂ ಕೊಟ್ಟಿತು. ಅದರ ಮೈ ಬಿಳಿಚಿದ್ದೂ ಅದೇ ಕಾರಣಕ್ಕೆ. ಪಟ್ಟೆಯ ಜೀನ್ ಎರಡು ಪಾಲು ಇದ್ದರೆ ಬಿಳಿ ಗೆರೆ ಅಗಲವಾಗುತ್ತದೆ. ಹೇಂಟೆಗೆ ಎಂದಿಗೂ ಒಂದೇ ಪಾಲು, ಅದಕ್ಕೇ ಅವು ಕಪ್ಪಾಗಿ ಕಾಣುತ್ತವೆ. ಒಂದು ವರ್ಷದಿಂದ ದಿನಾ ಕಣ್ಣೆದುರು ಓಡಾಡುತ್ತಿದ್ದ ಹುಂಜದ ಮೈಮೇಲೆ ಉತ್ತರ ಬರೆದಿತ್ತು ಅಂತ ಗೊತ್ತಾದಾಗ ನನಗೆ ಮೈ ಜುಮ್ಮೆಂದಿತು.

ಒಳಗಿನಿಂದ ಅತ್ತೆ ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ಎಂಬತ್ತು ದಾಟಿದೆ. "ನಾನು ಮೊದ್ಲೇ ಹೇಳಿದ್ದಲ್ವಾ ಮಗಾ, ಲಾಕಿಗಳಿಗೆ ಹುಂಜದ ಬಣ್ಣವೇ ಬರುದು ಅಂತ. ಹುಂಜ ನೋಡಿ ಸಾಕ್ಬೇಕು" ಎಂದರು. ಲಾಕಿ ಎಂದರೆ ನಮ್ಮ ಕಡೆ ಇನ್ನೂ ಮೊಟ್ಟೆ ಇಡದ ಎಳೆ ಹೇಂಟೆ. ಹುಡುಗಿ ಅವರ ಮಾತನ್ನು ತಳ್ಳಿಹಾಕಲಿಲ್ಲ. ಝೆಡ್ ಮೇಲಿನ ಬಣ್ಣಗಳ ಮಟ್ಟಿಗೆ ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ, ಬೇರೆ ಬಣ್ಣಗಳು ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತವೆ ಎಂದಳು. ಓದದೆ, ಬರೆಯದೆ, ಅರುವತ್ತು ವರ್ಷ ಅಂಗಳ ನೋಡಿ ಅತ್ತೆ ಅದನ್ನು ಕಂಡುಕೊಂಡಿದ್ದರು.

ಆ ನಾಲ್ಕು ಮನೆಯ ಚೌಕಕ್ಕೆ ಪನೆಟ್ ಚೌಕ ಅಂತ ಹೆಸರು. ಕೇಂಬ್ರಿಡ್ಜಿನ ರೆಜಿನಾಲ್ಡ್ ಪನೆಟ್ ಎಂಬವರದ್ದು. ಅವರ ಜೊತೆಗಾರ ವಿಲಿಯಂ ಬೇಟ್ಸನ್ ಮೆಂಡೆಲನ ನಿಯಮ ಪ್ರಾಣಿಗಳಿಗೂ ಹೊಂದುತ್ತದಾ ಅಂತ ನೋಡಲು ಆರಿಸಿಕೊಂಡದ್ದು ಕೋಳಿಗಳನ್ನೇ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಆಹಾರಕ್ಕೆ ಕೊರತೆ ಬಂತು. ಮೊಟ್ಟೆ ಇಡದ ಹುಂಜಮರಿಗಳಿಗೆ ತಿಂಗಳುಗಟ್ಟಲೆ ಕಾಳು ಹಾಕುವುದನ್ನು ತಪ್ಪಿಸಲು, ಮರಿಯ ಬಣ್ಣದಿಂದಲೇ ಗಂಡು ಹೆಣ್ಣು ಬೇರ್ಪಡಿಸಬಹುದು ಎಂದು ಪನೆಟ್ ತೋರಿಸಿದರು. ನೂರು ವರ್ಷದ ಹಿಂದೆ ಅವರನ್ನು ಕಾಡಿದ್ದೂ ನನ್ನ ಅಂಗಳದ ಚಿಂತೆಯೇ.

ನಮ್ಮ ಯಜಮಾನರಿಗೆ ಈ ವಿಷಯ ನನಗಿಂತ ಬೇಗ ತಲೆಗೆ ಹೋಯಿತು. ತೆಂಗಿನ ಸಸಿ ಆರಿಸುವ ಅಭ್ಯಾಸ ಇರುವವರು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ಚಂದ್ರಶಂಕರ ಹೈಬ್ರಿಡ್‌ಗೆ ಅಮ್ಮ ಚಾವಕ್ಕಾಡಿನ ಕೆಂದಾಳಿ ಗಿಡ್ಡ ತೆಂಗು, ಅಪ್ಪ ಪಶ್ಚಿಮ ಕರಾವಳಿಯ ಎತ್ತರದ ತೆಂಗು. ಸಸಿಯ ದಂಟು ಕಿತ್ತಳೆ ಬಣ್ಣದ್ದಾದರೆ ಅದು ಅಮ್ಮನ ಮರದ್ದೇ ಪರಾಗಕ್ಕೆ ಕಟ್ಟಿದ ಕಾಯಿ, ಹೈಬ್ರಿಡ್ ಅಲ್ಲ. ದಂಟು ಕಂದು ಹಸಿರಾದರೆ ಅದು ಹೈಬ್ರಿಡ್. "ಅಲ್ಲಿ ದಂಟು, ಇಲ್ಲಿ ನೆತ್ತಿ, ಅಷ್ಟೇ ಅಲ್ವಾ" ಎಂದರು.

ಪಟ್ಟೆ ಹುಂಜವನ್ನು ಕೊಟ್ಟುಬಿಟ್ಟೆ. ತಲಶ್ಶೇರಿಯದೇ ಒಂದು ಕಪ್ಪು ಹುಂಜ ಬಂತು. ಒಂದು ವಾರ ಬಿಟ್ಟು ಪಟ್ಟೆ ಹೇಂಟೆಗಳ ಮೊಟ್ಟೆ ಸೇರಿಸತೊಡಗಿದೆ. ಈ ಸಲ ಹತ್ತು ಮರಿ. ಮೂರಕ್ಕೆ ಬೊಟ್ಟಿಲ್ಲ, ಏಳಕ್ಕೆ ಇದೆ. ಬೊಟ್ಟಿಲ್ಲದ ಮೂರೂ ಹೇಂಟೆಯೇ ಆದವು. ಆದರೆ ಬೊಟ್ಟಿದ್ದ ಏಳರಲ್ಲಿ ಎರಡು ಕೂಗಲೇ ಇಲ್ಲ. ಅವೂ ಹೇಂಟೆ!

ಇಲ್ಲಿ ನಾನು ನಿಜಕ್ಕೂ ಕುಗ್ಗಿದೆ. ಲೆಕ್ಕ ಸರಿ ಇತ್ತು, ಅಪ್ಪ ಕಪ್ಪು, ಅಮ್ಮ ಪಟ್ಟೆ. ಹಾಗಾದರೆ ಈ ಎರಡು ಎಲ್ಲಿಂದ ಬಂದವು?

ಮಣ್ಣುತ್ತಿಯಿಂದ ಬಂದ ಪ್ರಶ್ನೆ ಮತ್ತೆ ಅದೇ. "ಅಪ್ಪ ಯಾರು? ಹಳೇ ಹುಂಜ ಕೊಟ್ಟು ಎಷ್ಟು ದಿನ ಆಗಿತ್ತು?" ಹೇಂಟೆಯ ಹೊಟ್ಟೆಯೊಳಗೆ, ಮೊಟ್ಟೆ ಬರುವ ನಾಳದಲ್ಲಿ, ಹುಂಜದ ವೀರ್ಯವನ್ನು ಕೂಡಿಡುವ ಸಣ್ಣ ಸಣ್ಣ ಕೊಳವೆಗಳಿವೆಯಂತೆ. ಎರಡು ಮೂರು ವಾರದವರೆಗೂ ಅದು ಜೀವಂತ ಇರುತ್ತದೆ. ಹಳೇ ಪಟ್ಟೆ ಹುಂಜ ಅಂಗಳ ಬಿಟ್ಟು ಹೋಗಿದ್ದರೂ ಅದರ ಮಕ್ಕಳು ಇನ್ನೂ ಬರುತ್ತಿದ್ದರು. ಹುಂಜ ಬದಲಿಸಿದ ಮೇಲೆ ಮೂರು ವಾರದವರೆಗೆ ಬಂದ ಮೊಟ್ಟೆಯನ್ನು ಕಾವಿಗೆ ಇಡಬಾರದು. ಈ ಸಂಗತಿಯನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೂರನೇ ಸಲ, 2024ರ ಜನವರಿಯಲ್ಲಿ, ತಾಳ್ಮೆಯಿಂದ ಮಾಡಿದೆ. ಮೂರು ಪಟ್ಟೆ ಹೇಂಟೆ, ಒಂದು ಕಪ್ಪು ಹುಂಜ, ಬೇರೆಯೇ ಗೂಡು. ಮೇಲೆ ಬಲೆ. ಪಕ್ಕದ ಮನೆಯ ಹುಂಜ ಬೇಲಿ ಹಾರಿ ಬರುವುದಕ್ಕೂ ದಾರಿ ಬಿಡಲಿಲ್ಲ. ಇಪ್ಪತ್ತೈದು ದಿನ ಬಂದ ಮೊಟ್ಟೆಗಳನ್ನೆಲ್ಲ ಅಡುಗೆಗೆ ಬಳಸಿದೆವು. ಆಮೇಲೆ ಒಂದು ವಾರ ಸೇರಿಸಿದ ಹನ್ನೆರಡು ಮೊಟ್ಟೆಯನ್ನು ಕಂದು ಹೇಂಟೆಯ ಅಡಿಗೆ ಇಟ್ಟೆ. ಬೇರೆ ಹೇಂಟೆಗಳು ಅದೇ ಹೆಡಿಗೆಗೆ ಬಂದು ಮೊಟ್ಟೆ ಇಟ್ಟು ಹೋಗುವುದುಂಟು. ದಿನಾ ಸಂಜೆ ಪೆನ್ಸಿಲ್ ಗುರುತಿಲ್ಲದ್ದನ್ನು ತೆಗೆಯುತ್ತಿದ್ದೆ. ಏಳನೇ ದಿನ ರಾತ್ರಿ ಕತ್ತಲ ಕೋಣೆಯಲ್ಲಿ ಟಾರ್ಚ್ ಹಿಡಿದು ನೋಡಿದಾಗ ಎರಡು ಮೊಟ್ಟೆ ಖಾಲಿ. ಹತ್ತರಲ್ಲಿ ಜೇಡರ ಬಲೆಯ ಹಾಗೆ ಕೆಂಪು ನರಗಳು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಒಂಬತ್ತು ಮರಿ ಹೊರಬಂದಿದ್ದವು. ಒಂದು ಚಿಪ್ಪಿನೊಳಗೇ ಸತ್ತಿತ್ತು.

ಮೊದಲ ಮರಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕಿಟಕಿಯ ಹತ್ತಿರ ಹೋದೆ. ಬೆನ್ನು ಮಸಿಯಷ್ಟು ಕಪ್ಪು. ಹೊಟ್ಟೆಯಡಿ ಮಾತ್ರ ಬೆಣ್ಣೆಯ ಬಣ್ಣ, ರೆಕ್ಕೆಯ ತುದಿಯಲ್ಲೂ ಸ್ವಲ್ಪ. ನೆತ್ತಿಯ ಹಿಂಭಾಗದಲ್ಲಿ, ಎರಡು ಕಣ್ಣಿಗಿಂತ ಸ್ವಲ್ಪ ಹಿಂದೆ, ಅಕ್ಕಿಕಾಳಿಗಿಂತ ಒಂದಿಷ್ಟು ದೊಡ್ಡ ಬೊಟ್ಟು. ಅಚ್ಚ ಬಿಳಿಯಲ್ಲ, ತಿಳಿ ಹಳದಿ ಬೆರೆತ ಬಿಳಿ. ಅಂಚು ಗೆರೆ ಎಳೆದ ಹಾಗಿಲ್ಲ, ಹರಡಿಕೊಂಡಿದೆ. ಎರಡನೇ ಮರಿಯೂ ಅಷ್ಟೇ ಕಪ್ಪು, ಹೊಟ್ಟೆಯೂ ಹಾಗೇ ಬೆಣ್ಣೆ. ತಲೆಯ ಮೇಲೆ ಉಸಿರು ಬಿಟ್ಟು ರೋಮ ಸರಿಸಿ ನೋಡಿದೆ, ಒಂದು ಬಿಳಿ ಎಳೆಯೂ ಇಲ್ಲ. ಹೊಸಬರು ತಪ್ಪುವುದು ಹೊಟ್ಟೆಯ ಬಿಳಿ ನೋಡಿ. ಹೊಟ್ಟೆಯ ಬಿಳಿ ಹೆಚ್ಚಿನ ಕಪ್ಪು ಮರಿಗಳಿಗೂ ಇರುತ್ತದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೆತ್ತಿಯೊಂದನ್ನೇ ನೋಡಬೇಕು. ಅದೂ ಮೊದಲ ದಿನ ಎರಡು ದಿನದೊಳಗೆ, ರೋಮ ಒಣಗಿದ ಮೇಲೆ.

ಬೊಟ್ಟಿದ್ದದ್ದು ಐದು, ಇಲ್ಲದ್ದು ನಾಲ್ಕು. ಕಾಲಿಗೆ ಕೆಂಪು ನೂಲು, ಹಸಿರು ನೂಲು ಕಟ್ಟಿದೆ. ಕಾಲು ದಪ್ಪವಾದ ಹಾಗೆ ನೂಲು ಸಡಿಲಿಸುತ್ತಾ ಬಂದೆ, ಇಲ್ಲದಿದ್ದರೆ ಕೊರೆಯುತ್ತದೆ. ಮೂರನೇ ವಾರದಲ್ಲಿ ಕೀರಿ ಒಂದು ಬೊಟ್ಟಿನ ಮರಿಯನ್ನು ಹೊತ್ತೊಯ್ದಿತು. ಉಳಿದ ನಾಲ್ಕಕ್ಕೆ ರೆಕ್ಕೆಯ ಗರಿ ಬರುವಾಗಲೇ ಅಡ್ಡಪಟ್ಟೆ ಮೂಡಿತು. ಎರಡು ತಿಂಗಳಾಗುವಾಗ ಜುಟ್ಟು ಕೆಂಪೇರಿತು. ನಾಲ್ಕೂ ಹುಂಜ. ಬೊಟ್ಟಿಲ್ಲದ ನಾಲ್ಕೂ ಕಪ್ಪು ಲಾಕಿಗಳು. ಆ ಸಂಜೆ ಗೂಡಿನ ಮುಂದೆ ಕೂತು ಎಷ್ಟೋ ಹೊತ್ತು ಅವುಗಳನ್ನೇ ನೋಡಿದೆ.

ಪಟ್ಟೆ ಹೇಗೆ ಮೂಡುತ್ತದೆ ಅನ್ನುವುದೂ ಕುತೂಹಲದ ವಿಷಯ. ಗರಿ ಬುಡದಿಂದ ಬೆಳೆಯುತ್ತಾ ಮೇಲೆ ಬರುತ್ತದೆ. ಬುಡದಲ್ಲಿ ಕಪ್ಪು ಬಣ್ಣ ತುಂಬುವ ಜೀವಕೋಶಗಳಿವೆ. ಮಾಮೂಲಿ ಕಪ್ಪು ಕೋಳಿಯಲ್ಲಿ ಅವು ನಿಲ್ಲದೆ ಕೆಲಸ ಮಾಡುತ್ತವೆ. ಪಟ್ಟೆ ಕೋಳಿಯಲ್ಲಿ ಅವು ಬೇಗ ಮುಗಿದುಹೋಗುತ್ತವೆ, ಅಷ್ಟು ಭಾಗ ಬಿಳಿ. ಮತ್ತೆ ಹೊಸ ಕೋಶಗಳು ಬರುತ್ತವೆ, ಅಷ್ಟು ಭಾಗ ಕಪ್ಪು. ಇದಕ್ಕೆ ಕಾರಣವಾದ ಜೀನ್‌ಗೆ ಸಿಡಿಕೆಎನ್2ಎ ಅಂತ ಹೆಸರು. ಮನುಷ್ಯರಲ್ಲಿ ಇದೇ ಜೀನ್ ಕೆಟ್ಟರೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬರುವ ಅಪಾಯ ಜಾಸ್ತಿ. ಬಣ್ಣದ ಕೋಶಗಳು ಎಷ್ಟು ಸಲ ಒಡೆದು ಎರಡಾಗಬೇಕು, ಯಾವಾಗ ನಿಲ್ಲಬೇಕು ಅನ್ನುವುದಕ್ಕೆ ಅದು ಕಡಿವಾಣ. ಅಂಗಳದಲ್ಲಿ ಬಿದ್ದ ಪಟ್ಟೆಯ ಗರಿಯನ್ನು ನಾನೀಗ ಗುಡಿಸಿ ಎಸೆಯುವುದಿಲ್ಲ. ಒಂದೊಂದು ಗೆರೆಯೂ ಆ ಕೋಶಗಳು ನಿಂತು ಹೊರಟ ಗುರುತು.

ನನ್ನದು ನೋಡಿ ಇಬ್ಬರು ಶುರು ಮಾಡಿದರು. ಕೆಳಗಿನ ಮನೆಯ ಅಕ್ಕ ಕಂದು ಮೈಯ ಪಟ್ಟೆ ಹೇಂಟೆಗೆ ಕಂದು ಹುಂಜ ಬಿಟ್ಟರು. ಮರಿಗಳ ಬೆನ್ನಿನಲ್ಲಿ ಅಳಿಲಿನ ಹಾಗೆ ಉದ್ದಗೆರೆ, ತಲೆಯ ಮೇಲೂ ಕಂದು ಗೆರೆ. ಬೊಟ್ಟು ಅದರೊಳಗೆ ಕಲಸಿಹೋಗಿ ತಿಳಿಯಲೇ ಇಲ್ಲ. ಬೊಟ್ಟು ಎದ್ದು ಕಾಣಬೇಕಾದರೆ ಮರಿಯ ಮೈ ಅಚ್ಚ ಕಪ್ಪು ಇರಬೇಕು. ಇನ್ನೊಬ್ಬರು ನಾನು ಕೊಟ್ಟ ಕಪ್ಪು ಲಾಕಿಗೂ ಅದರದೇ ಜೊತೆ ಹುಟ್ಟಿದ ಪಟ್ಟೆ ಹುಂಜಕ್ಕೂ ಮರಿ ಮಾಡಿಸಿದರು. ಅಲ್ಲಿ ಅಪ್ಪನ ಒಂದು ಝೆಡ್ ಪಟ್ಟೆಯದ್ದು, ಇನ್ನೊಂದು ಕಪ್ಪಿನದ್ದು. ಗಂಡುಮರಿಗಳಲ್ಲೂ ಅರ್ಧಕ್ಕೆ ಬೊಟ್ಟು, ಹೆಣ್ಣುಮರಿಗಳಲ್ಲೂ ಅರ್ಧಕ್ಕೆ ಬೊಟ್ಟು. ಗುರುತು ಸಿಗುವುದು ಒಂದೇ ತಲೆಮಾರಿಗೆ. ಪ್ರತಿ ಸಲ ಶುದ್ಧ ಕಪ್ಪು ಅಪ್ಪ, ಪಟ್ಟೆಯ ಅಮ್ಮ ಬೇಕೇ ಬೇಕು. ಅದಕ್ಕಾಗಿ ನಾನೀಗ ಪಟ್ಟೆಯದ್ದೇ ಒಂದು ಜೋಡಿಯನ್ನು ಪ್ರತ್ಯೇಕ ಇಟ್ಟಿದ್ದೇನೆ, ಅಮ್ಮಂದಿರಿಗಾಗಿ.

ಬಿಳಿ ಬಣ್ಣದ ಕತೆ ಇನ್ನೂ ಬೇರೆ. ಮಣ್ಣುತ್ತಿಯ ಗ್ರಾಮಲಕ್ಷ್ಮಿ ತಳಿ ಕೇರಳದವರಿಗೆಲ್ಲ ಗೊತ್ತು. ಬಿಳಿ ಮೈ, ಅಲ್ಲಲ್ಲಿ ಶಾಯಿ ಚಿಮುಕಿಸಿದ ಹಾಗೆ ಕಪ್ಪು. ಬಿಳಿ ಲೆಗಾರ್ನ್ ಮತ್ತು ಕಪ್ಪು ಆಸ್ಟ್ರಲಾರ್ಪ್ ಸೇರಿಸಿ ಮಾಡಿದ್ದು. ಲೆಗಾರ್ನ್‌ನ ಬಿಳಿ ಪ್ರಬಲ, ಕಪ್ಪನ್ನು ಒತ್ತಿಹಿಡಿಯುತ್ತದೆ. ಒಂದೇ ಪಾಲು ಇದ್ದಾಗ ಪೂರ್ತಿ ಒತ್ತಲು ಆಗದೆ ಕಪ್ಪು ಅಲ್ಲಲ್ಲಿ ಇಣುಕುತ್ತದೆ. ಬಿಳಿ ಲೆಗಾರ್ನ್‌ಗಳ ಬಿಳಿಯಡಿಯಲ್ಲಿ ಎಷ್ಟೋ ಸಲ ಪಟ್ಟೆಯೂ ಅಡಗಿರುತ್ತದೆ. ಹಾಗಾಗಿ ಬಿಳಿ ಕೋಳಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ದೊಡ್ಡ ಹ್ಯಾಚರಿಗಳು ಕಂದು ಮೊಟ್ಟೆಯ ಕೋಳಿಗಳಲ್ಲಿ ಬಳಸುವುದು ಚಿನ್ನ ಬೆಳ್ಳಿಯ ಜೋಡಿ. ಕೆಂಪು ಹುಂಜ, ಬೆಳ್ಳಿ ಬಣ್ಣದ ಹೇಂಟೆ. ಗಂಡುಮರಿ ಬಿಳಿ ಹಳದಿ, ಹೆಣ್ಣುಮರಿ ಕೆಂಪು ಕಂದು. ಅದೂ ಝೆಡ್ ಮೇಲಿನದ್ದೇ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ನನ್ನ ಪಟ್ಟೆ ಹೇಂಟೆಗಳ ಕಾಲು ಅರಸಿನ ಹಚ್ಚಿದಂತೆ ಹಳದಿ. ಸಾಕುಕೋಳಿಗಳೆಲ್ಲ ಕೆಂಪು ಕಾಡುಕೋಳಿಯಿಂದ ಬಂದವು ಅಂತ ಡಾರ್ವಿನ್ ಹೇಳಿದ್ದರು. ಬಹುಪಾಲು ಸರಿಯೇ. ಆದರೆ ಹಳದಿ ಕಾಲಿನ ಜೀನ್ ಬಂದದ್ದು ಬೂದು ಕಾಡುಕೋಳಿಯಿಂದ ಅಂತ 2008ರಲ್ಲಿ ಪತ್ತೆಯಾಯಿತು. ಅದು ನಮ್ಮದೇ ದಕ್ಷಿಣ ಭಾರತದ ಹಕ್ಕಿ. ನಮ್ಮ ಮನೆಯ ಮೇಲಿನ ಗುಡ್ಡದಲ್ಲಿ ಬೆಳಿಗ್ಗೆ ತುಂಡು ತುಂಡಾಗಿ ಕೂಗುವ ಆ ಹಕ್ಕಿಯೇ! ಜಗತ್ತಿನ ಎಷ್ಟೋ ದೇಶಗಳ ಕೋಳಿಗಳು ಇವತ್ತು ನಮ್ಮ ಗುಡ್ಡದ ಹಕ್ಕಿಯ ಬಣ್ಣವನ್ನು ಕಾಲಿಗೆ ಹಚ್ಚಿಕೊಂಡು ಓಡಾಡುತ್ತಿವೆ. ಅದರ ಕೂಗು ಕೇಳಿದಾಗಲೆಲ್ಲ ಕೈಯ ಕೆಲಸ ಬಿಟ್ಟು ನಿಲ್ಲುತ್ತೇನೆ.

ನನ್ನ ಅಪ್ಪನ ಕಾಲದವರು ಹುಂಜಗಳನ್ನು ಬಣ್ಣದ ಹೆಸರಿನಿಂದಲೇ ಕರೆಯುತ್ತಿದ್ದರು. ಬೊಳ್ಳೆ, ಕೆಮ್ಮೈರೆ, ಉರಿಯೆ, ಕುಪುಳೆ, ನೀಲೆ. ಎಲ್ಲವೂ ಅಂಕದ, ಅಂದರೆ ಕೋಳಿ ಕಾಳಗದ, ಹುಂಜಗಳ ಹೆಸರು. ಹೇಂಟೆಯ ಬಣ್ಣಕ್ಕೆ ಇಷ್ಟು ಹೆಸರು ನಾನು ಕೇಳಿದ್ದಿಲ್ಲ. ಮರಿ ಮಾಡಿಸುವ ಹೆಂಗಸರಿಗೆ ಮಾತ್ರ ಯಾವ ಹೇಂಟೆಯ ಮಗ ಯಾವ ಬಣ್ಣ ಅನ್ನುವುದು ಬಾಯಿಪಾಠ.

ಇಲ್ಲಿವರೆಗೆ ಐದು ಕಾವು ಆಗಿವೆ, ಮೂರನೆಯದ್ದರಿಂದ ಲೆಕ್ಕ ಹಿಡಿದರೆ. ನಲುವತ್ತಮೂರು ಮರಿ. ಒಂದೇ ಒಂದರಲ್ಲಿ ಅನುಮಾನ ಬಂತು, ಬೊಟ್ಟು ಬರೀ ಬೂದಿ ಸವರಿದ ಹಾಗಿತ್ತು. ಅದು ಹುಂಜವೇ ಆಯಿತು. ಹೆಣ್ಣುಮರಿಗಳನ್ನು ಹೆಣ್ಣೆಂದೇ ಹೇಳಿ ಕೊಡುತ್ತೇನೆ, ಒಂದೂ ವಾಪಸ್ ಬಂದಿಲ್ಲ. ಹುಂಜಮರಿಗಳನ್ನು ಕೊಲ್ಲುವುದಿಲ್ಲ. ಬೇರೆ ಗೂಡಿನಲ್ಲಿ ಸಾಕುತ್ತೇನೆ. ದೈವಕ್ಕೆ ಬಡಿಸುವ ಅಗೆಲಿಗೆ, ಹಬ್ಬಕ್ಕೆ ಕೇಳಿಕೊಂಡು ಬರುವವರಿದ್ದಾರೆ. ಮೊದಲೇ ಗೊತ್ತಿರುವುದರಿಂದ ಎಷ್ಟು ಸಾಕಬೇಕು ಅನ್ನುವ ಅಂದಾಜು ಸಿಗುತ್ತದೆ. ತಗಡು ಬದಲಿಸಿದ್ದಾಯಿತು.

ಕಪ್ಪು ಹುಂಜಕ್ಕೆ ಈಗ ವಯಸ್ಸಾಗಿದೆ. ಕಳೆದ ಕಾವಿನಲ್ಲಿ ಹನ್ನೆರಡರಲ್ಲಿ ಐದು ಮೊಟ್ಟೆ ಖಾಲಿ. ಹೊಸದೊಂದು ಬೇಕು. ತಲಶ್ಶೇರಿ ಕಡೆ ಒಂದು ಮನೆಯಲ್ಲಿ ಚಂದದ ಹುಂಜ ಇದೆ ಅಂತ ಫೋಟೋ ಕಳಿಸಿದ್ದಾರೆ. ಮೈ ಎಷ್ಟೇ ಕಪ್ಪಿದ್ದರೂ ಒಳಗೆ ಬೇರೆ ಬಣ್ಣ ಅಡಗಿರಬಹುದು. ಬರುವ ಭಾನುವಾರ ರೈಲಿನಲ್ಲಿ ಹೋಗಿ, ಅದರ ಅಪ್ಪ ಅಮ್ಮ ಎರಡನ್ನೂ ನೋಡಿಯೇ ತರುತ್ತೇನೆ. ತಂದ ಮೇಲೆ ಮೂರು ವಾರ ಮೊಟ್ಟೆಯೆಲ್ಲ ಅಡುಗೆಗೆ.